ಹೊದಿಕೆ ಇಲ್ಲದವನು

ಆಗಸ್ಟ್ ೯

ಬಲ್ಲೋಗನ್ ಸತ್ತ. ಮೂರು ವರ್ಷದ ಹಿಂದೆ ನನ್ನ ಗಂಡ ಬಹಾತನ್‌ನನ್ನು ಕಡಿದು ಕೊಂದವನು ಸತ್ತ. ಸುದ್ದಿ ತಂದ ಮೈದುನ ಪುಗೊಂಗ್ ಅಂಗಳದಲ್ಲೇ ನಿಂತು, ತನ್ನ ಹಂದಿ ಮರಿ ಹಾಕಿತೇನೋ ಎಂಬಂತೆ ಹಲ್ಲು ಬಿಡುತ್ತಿದ್ದ.

"ಅತ್ತಿಗೆ, ಮುಗೀತು. ಅಣ್ಣ ಕೆಲಸ ಮುಗಿಸಿಬಿಟ್ಟ."

"ಹೇಗೆ ಸತ್ತ?"

"ಅವರ ಕಡೆ ಮದುವೆ ಇತ್ತಲ್ಲ. ವಾಪಸ್ ಬರ್ತಾ ಗದ್ದೆ ಗೋಡೆ ಮೇಲೆ ಕಾಲು ಜಾರಿದೆ. ಕೆಳಗಿನ ಗದ್ದೇಲಿ ಕುತ್ತಿಗೆ ಮುರ್ಕೊಂಡು ಬಿದ್ದಿದ್ದ."

"ಕುಡಿದಿದ್ದನಾ?"

"ಮದುವೆಗೆ ಹೋಗಿ ಕುಡೀದೆ ಬರ್ತಾರಾ?"

ಅಂದರೆ ಹೊಟ್ಟೆ ಬಿರಿಯುವಷ್ಟು ಹಂದಿಮಾಂಸ ತಿಂದು, ಅಕ್ಕಿಯ ಹೆಂಡ ಕುಡಿದು, ಹಾಡು ಹೇಳಿಕೊಂಡು ಬಂದು ಬಿದ್ದ. ಇದನ್ನು ಊರಿಗೆ ಊರೇ ನ್ಯಾಯ ಅನ್ನುತ್ತಿದೆ. ಮನಾಹೌತ್ ದೇವರು ಅವನ ಕಾಲು ಹಿಡಿದು ಎಳೆದನಂತೆ. ಶತ್ರುವಿನ ಜೀವಕ್ಕೆ ಬಲೆ ಒಡ್ಡುವುದು ಮನಾಹೌತನ ಕಸುಬಂತೆ. ಕುಡುಕ ಜಾರಿ ಬಿದ್ದರೂ ಅದಕ್ಕೊಂದು ದೇವರ ಹೆಸರು.

ಕೇಳಿಸಿತಾ ಬಹಾತನ್? ಇಷ್ಟೇನಾ ನಿನ್ನ ಕೈಲಾದದ್ದು? ಸಾಯುವಾಗ ಅವನಿಗೆ ನಿನ್ನ ಮುಖ ಕಾಣಬೇಕಿತ್ತು. ಯಾಕೆ ಸಾಯುತ್ತಿದ್ದೇನೆ ಅಂತ ಗೊತ್ತಾಗಬೇಕಿತ್ತು. ಅದು ಬಿಟ್ಟು, ಮೊದಲು ಮದುವೆ ಊಟ ಹಾಕಿಸಿ ಆಮೇಲೆ ಕರೆದುಕೊಂಡು ಹೋದೆಯಾ? ಬದುಕಿದ್ದಾಗಲೂ ನೀನು ಹೀಗೇ. ಒಂದು ಕೆಲಸವನ್ನೂ ಹೇಳಿದಂತೆ ಮಾಡಿದವನಲ್ಲ.

ಆಗಸ್ಟ್ ೧೧

ಹೊಳೆಯಾಚೆ ಬಲ್ಲೋಗನ್‌ನ ಊರಿನ ಹೆಂಗಸರು ಎರಡು ದಿನದಿಂದ ಹಾಡುತ್ತಿದ್ದಾರೆ. ಅವನ ಅಜ್ಜ ಮುತ್ತಜ್ಜಂದಿರ ಶೌರ್ಯವೆಲ್ಲ ಹಾಡಿನಲ್ಲಿ ಬರುತ್ತಿದೆ. ಕಿವಿಗೆ ಹತ್ತಿ ತುರುಕಿಕೊಂಡು ಗೆಣಸು ಅಗೆಯಲು ಹೋದೆ. ಗುಡ್ಡದ ಮೇಲಿಂದ ಅವರ ಅಂಗಳ ಚೆನ್ನಾಗಿ ಕಾಣುತ್ತದೆ. ಅವನನ್ನು ಹೊದಿಕೆಯಲ್ಲಿ ಸುತ್ತಿದ್ದರು. ಒಂದಲ್ಲ, ಒಂದರ ಮೇಲೊಂದು. ದೂರದಿಂದಲೂ ಕೆಂಪು ಅಂಚು ಕಾಣುತ್ತಿತ್ತು. ಜಾರಿ ಬಿದ್ದು ಸತ್ತವನಿಗೆ ಎಲ್ಲ ಮರ್ಯಾದೆಯೂ ಉಂಟು.

ನನ್ನವನಿಗೆ ಏನಿತ್ತು? ಒಂದು ಗದ್ದೆಯ ನೀರಿಗೋಸ್ಕರ ಕತ್ತಿಯೇಟು ತಿಂದವನಿಗೆ ಹೊದಿಕೆ ಹಾಕಲು ಬಿಡಲಿಲ್ಲ. ಕೊಲೆಯಾದವನನ್ನು ಬೆಚ್ಚಗೆ ಇಡಬಾರದು, ಅವನಿಗೋಸ್ಕರ ಅಳಬಾರದು, ಸಮಾಧಾನ ಹೇಳಬಾರದು, ಹಾಗೆ ಮಾಡಿದರೆ ಅವನು ಸೇಡು ಮರೆತು ಮಲಗಿಬಿಡುತ್ತಾನೆ ಅಂದರು. ಸತ್ತವನ ಸೇಡು ಕೆರಳಿಸುವ ಹಿಮೊಂಗ್ ಮಾಡಿದರು. ನಾಲ್ಕೂ ಕಡೆಯ ಊರುಗಳ ಗಂಡಸರು ತಲೆಗೆ ಕೆಂಪೆಲೆ ಕಟ್ಟಿಕೊಂಡು, ಕೋಲಿನಿಂದ ಮರದ ಹಲಗೆ ಬಡಿಯುತ್ತ, ಗದ್ದೆಯ ಬದುಗಳ ಮೇಲೆ ಸಾಲಾಗಿ ಬಂದರು. ಅವನನ್ನು ಹೊಳೆಯಾಚೆಗೆ ಮುಖ ಮಾಡಿಸಿ ಕೂರಿಸಿದ್ದರು. ಮೈಮೇಲೆ ಅದೇ ರಕ್ತದ ಅಂಗಿ. ಪೂಜೆ ಮಾಡುವ ಮುಂಬಾಕಿ ತುಗಿನಾಯ್ ಅಜ್ಜ ಅವನ ಮುಂದೆ ನಿಂತು ಬೈದ.

"ನಾಚಿಕೆ ಆಗಲ್ವೇನೋ ನಿಂಗೆ? ಹೆಂಗಸರ ಥರಾ ಕೂತಿದ್ದೀಯಲ್ಲ! ಎದ್ದೇಳು. ನಿನ್ನ ಕಡಿದವನನ್ನ ಕರ್ಕೊಂಡು ಹೋಗೋ ತನಕ ಮಲಗಬೇಡ!"

ನಾನು ಅಳಲಿಲ್ಲ. ಅವನ ಮುಖ ನೋಡಿಕೊಂಡು ನಾನೂ ಬೈದೆ. ಎಲ್ಲರಿಗಿಂತ ಜೋರಾಗಿ ಬೈದೆ. ಅವತ್ತಿನಿಂದ ಪ್ರತಿ ಸಂಜೆ ಅಂಗಳದ ತುದಿಗೆ ನಿಂತು, ಕೆಳಗಿನ ಇಳಿಜಾರಿನಲ್ಲಿರುವ ಅವನನ್ನು ಇಟ್ಟಿರುವ ಗುಹೆಯ ಕಡೆಗೆ ಬೈಯುತ್ತಿದ್ದೇನೆ. ಮಲಗಬೇಡ. ಎದ್ದೇಳು. ಪೊಲೀಸರು ಕೇಸು ಮುಚ್ಚಿದ ದಿನವೂ ಬೈದೆ. ಇವತ್ತೂ ಬೈದು ಬಂದೆ.

ಆಗಸ್ಟ್ ೧೭

ಅತ್ತೆ ಇಂದಂಗಾನ್, ಪುಗೊಂಗ್, ತುಗಿನಾಯ್ ಅಜ್ಜ, ಮೂವರೂ ಒಟ್ಟಿಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಕೂತರು. ಮೂವರು ಒಟ್ಟಿಗೆ ಬಂದರೆಂದರೆ ಮೊದಲೇ ಎಲ್ಲ ಮಾತಾಡಿಕೊಂಡು ಬಂದಿದ್ದಾರೆ ಅಂತ ಅರ್ಥ.

ಅಜ್ಜ ಶುರು ಮಾಡಿದ. "ನೋಡು ಉಯಾಮಿ, ಈಗ ಬಹಾತನ್ ಕೆಲಸ ಮುಗೀತು. ಇನ್ನು ಅವನಿಗೆ ಬೊಗ್ವಾ ಮಾಡಬೇಕು. ಎಲುಬು ತೆಗೆದು, ತೊಳೆದು, ಹೊದಿಕೆ ಸುತ್ತಿ, ಸರಿಯಾಗಿ ಮಲಗಿಸೋಣ. ಸುಗ್ಗಿ ಮುಗಿದಿದೆ. ಹಂದಿ ಪುಗೊಂಗ್ ಕೊಡ್ತಾನೆ."

"ಹೊದಿಕೆ ಯಾರು ಕೊಡ್ತಾರೆ?"

"ಹೆಂಡತಿ ನೇಯಬೇಕಮ್ಮ. ಅದನ್ನೂ ನಾನು ಹೇಳಬೇಕಾ?"

"ನಾನು ನೇಯಲ್ಲ."

ಪುಗೊಂಗ್ ಉಗುಳಿದ. "ಯಾಕೆ ಅತ್ತಿಗೆ? ಶತ್ರು ಸತ್ತ, ದೇವರು ಕೇಳಿಸ್ಕೊಂಡ. ಇನ್ನೇನು ಬೇಕು ನಿಮಗೆ?"

"ದೇವರು ಕೇಳಿಸ್ಕೊಂಡನಾ? ಹೆಂಡ ಕೇಳಿಸ್ಕೊಂಡಿತು. ಮಳೆ ಕೇಳಿಸ್ಕೊಂಡಿತು. ಅವನು ಒಂದು ದಿನವಾದ್ರೂ ಹೆದರಿದ್ನಾ? ಒಂದು ದಿನವಾದ್ರೂ ನಮ್ಮ ಕಡೆ ಮುಖ ಮಾಡಿ ತಪ್ಪಾಯ್ತು ಅಂದ್ನಾ? ನಿಮ್ಮ ಅಣ್ಣನಿಗೆ ಇದು ಸಾಕಾದ್ರೆ ಅವನೇ ಬಂದು ಹೇಳಲಿ."

ಆಗ ಅತ್ತೆ ಬಾಯಿಬಿಟ್ಟಳು. "ಉಯಾಮಿ, ಆ ಬೈಗುಳ ಹಿಮೊಂಗಿನ ದಿನಕ್ಕೆ ಮಾತ್ರ ಕಣೇ. ಮುಂಬಾಕಿ ಬೈದ, ಅಲ್ಲಿಗೆ ಮುಗೀತು. ನೀನು ದಿನಾ ಸಂಜೆ ಬೈದೆ. ಯಾರೂ ಹಾಗೆ ಮಾಡಲ್ಲ."

"ನಿಮ್ಮ ಮಗನೇ ಅಲ್ವಾ? ನಿಮಗೆ ಸಿಟ್ಟೇ ಬರಲ್ವಾ?"

"ನನ್ನ ಮಗ ಅಂತಾನೇ ಹೇಳ್ತಿರೋದು," ಅಂದಳು ಅತ್ತೆ. ಎದ್ದು ಹೋದಳು. ಎಲೆ ಅಡಿಕೆಯ ಚೀಲ ಇಲ್ಲೇ ಮರೆತಿದ್ದಾಳೆ. ಕೊಟ್ಟು ಬರಬೇಕು, ಆದರೆ ನಾನು ಹೋಗುವುದಿಲ್ಲ.

ಆಗಸ್ಟ್ ೩೦

ಮಗಳು ಆರ್ಲಿನ್ ಮಲಗುತ್ತಿಲ್ಲ.

ಹನ್ನೆರಡು ತುಂಬಿದ ಹುಡುಗಿ, ಕಂಬಕ್ಕೆ ಒರಗಿ ಮಂಡಿ ಹಿಡಿದುಕೊಂಡು ಕೂರುತ್ತಾಳೆ. ಚಾಪೆಯ ಮೇಲೆ ಮಲಗಿಸಿದರೆ ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಕಂಬದ ಹತ್ತಿರ. ಬೆಳಿಗ್ಗೆ ಕಣ್ಣು ಕೆಂಪಗೆ, ಶಾಲೆಯಲ್ಲಿ ತೂಕಡಿಕೆ. ಟೀಚರ್ ಎರಡು ಸಲ ಮನೆಗೆ ಕಳಿಸಿದ್ದಾರೆ. ಅನ್ನ ತಟ್ಟೆಯಲ್ಲೇ ಒಣಗುತ್ತದೆ.

"ಯಾಕೆ ಮಲಗಲ್ಲ?" ಅಂದರೆ "ಗೊತ್ತಿಲ್ಲಮ್ಮ" ಅನ್ನುತ್ತಾಳೆ. ನನಗೂ ತಾಳ್ಮೆ ಕೆಟ್ಟು ಒಂದೇಟು ಕೊಟ್ಟೆ. ಅವಳು ಅಳಲೂ ಇಲ್ಲ. ಮೂರು ವರ್ಷದಿಂದ ಈ ಮನೆಯಲ್ಲಿ ಯಾರೂ ಅಳುವುದಿಲ್ಲ.

ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನರ್ಸ್ ಎದೆ ನೋಡಿದಳು, ಕಣ್ಣು ನೋಡಿದಳು, ರಕ್ತ ಕಡಿಮೆ ಅಂತ ಮಾತ್ರೆ ಕೊಟ್ಟಳು. "ಮನೇಲಿ ಏನಾದ್ರೂ ಗಲಾಟೆ ಇದೆಯಾ?" ಅಂತ ಕೇಳಿದಳು. ನಮ್ಮ ಮನೆಯಲ್ಲಿರುವುದು ಇಬ್ಬರು ಹೆಣ್ಣುಗಳು, ಎಲ್ಲಿಂದ ಗಲಾಟೆ ಬರುತ್ತದೆ? ಕೇಳುವುದಕ್ಕೂ ಒಂದು ಮಿತಿ ಬೇಡವಾ?

ಸೆಪ್ಟೆಂಬರ್ ೧೨

ಕಣಜಕ್ಕೆ ಇಲಿ ನುಗ್ಗಿದೆ. ಹೊಸ ಭತ್ತದ ಕಟ್ಟುಗಳನ್ನು ತಳದಿಂದ ಕಡಿದು ಹಾಕಿವೆ. ಬುಲುಲ್ ಜೋಡಿ ಗೋಡೆಗೆ ಮುಖ ಹಾಕಿಕೊಂಡು ಕೂತೇ ಇದೆ. ಭತ್ತ ಕಾಯುವ ಮರದ ದೇವರು, ಗಂಡ ಹೆಂಡತಿ, ಅಜ್ಜನ ಅಜ್ಜ ಕೆತ್ತಿಸಿದ್ದು. ಬಹಾತನ್ ಸತ್ತ ದಿನ ನಾನೇ ಗೋಡೆಗೆ ತಿರುಗಿಸಿದ್ದೆ. ಪ್ರತಿ ಸುಗ್ಗಿಯಲ್ಲೂ ಹಂದಿಯ ರಕ್ತ ಬಳಿಸಿಕೊಂಡು, ಹೆಂಡ ಕುಡಿದು, ಬೇಕಾದಾಗ ಕಣ್ಣು ಮುಚ್ಚಿ ಕೂತವರ ಮುಖ ನನಗೆ ಯಾಕೆ ಬೇಕು?

ಚೀಲ ಹುಡುಕಿಕೊಂಡು ಬಂದ ಅತ್ತೆ ನೋಡಿದಳು. "ಮುಖ ಗೋಡೆಗೆ ಹಾಕಿ ಕೂರಿಸಿದ್ರೆ ಇಲಿ ಹೇಗೆ ಕಾಣುತ್ತೆ ಅವರಿಗೆ?" ಅಂದಳು, ಪಕ್ಕದ ಮನೆಯ ಮುದುಕರ ಬಗ್ಗೆ ಹೇಳುವಂತೆ.

ಅವಳು ಹೋದ ಮೇಲೆ ತಿರುಗಿಸಿದೆ. ಇಲಿಯ ಕಾಟಕ್ಕೆ, ಅಷ್ಟೇ. ಮುಖದ ತುಂಬ ಜೇಡರ ಬಲೆ ಇತ್ತು, ಒರೆಸಿದೆ.

ಮಗ್ಗ ಹೊರಗೆ ತೆಗೆದೆ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ. ಪೇಟೆಯ ಅಂಗಡಿಯವಳು ಮೇಜಿಗೆ ಹಾಸುವ ಬಟ್ಟೆ ಕೇಳಿದ್ದಳು, ಅದನ್ನೇ ನೇಯುತ್ತೇನೆ. ಪ್ರವಾಸಿಗರಿಗೆ ಏನು, ಬಣ್ಣ ಇದ್ದರೆ ಸಾಕು.

ಸೆಪ್ಟೆಂಬರ್ ೨೩

ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದೆ. ಆಚೆ ದಡದಲ್ಲಿ ಬಲ್ಲೋಗನ್‌ನ ಹೆಂಡತಿ.

ನಾವು ಮಾತಾಡುವಂತಿಲ್ಲ. ಒಂದೇ ನೀರು ಕುಡಿಯುವಂತಿಲ್ಲ, ಒಂದೇ ಒಲೆಯ ಬೆಂಕಿ ತರುವಂತಿಲ್ಲ. ಶತ್ರು ಮನೆಯವರು ಒಟ್ಟಿಗೆ ಉಂಡರೆ ಹೊಟ್ಟೆ ಊದಿ ಸಾಯುತ್ತಾರೆ. ಅದಕ್ಕೇ ನಾನು ಮೇಲಿನ ಬಂಡೆಗೆ ಹೋಗುತ್ತೇನೆ, ಅವಳು ಕೆಳಗಿನ ಬಂಡೆಗೆ. ಅವಳು ಒಗೆದ ನೀರು ನನ್ನ ಕಡೆಗೆ ಬರಬಾರದು. ಈ ಮೂರು ವರ್ಷದಲ್ಲಿ ಅವಳೊಮ್ಮೆಯೂ ಬಂಡೆ ತಪ್ಪಿಲ್ಲ.

ಕೈಗೆ ಸಿಕ್ಕಿದ ಕಲ್ಲು ಎಸೆದೆ. ಅವಳ ಪಕ್ಕದಲ್ಲಿ ನೀರಿಗೆ ಬಿತ್ತು. ಮುಖದ ಮೇಲೆ ನೀರು ಹಾರಿದರೂ ತಲೆ ಎತ್ತಲಿಲ್ಲ. ಗಂಡಸಿನ ಅಂಗಿಯೊಂದನ್ನು ಉಜ್ಜುತ್ತಲೇ ಇದ್ದಳು. ಸತ್ತವನ ಅಂಗಿಯನ್ನು ಯಾಕೆ ಒಗೆಯುತ್ತಾಳೆ? ಯಾರು ಹಾಕಿಕೊಳ್ಳುತ್ತಾರೆ? ಹಿಂಡಿದಳು, ಕೊಡವಿದಳು, ಮತ್ತೆ ನೀರಿನಲ್ಲಿ ಅದ್ದಿ ಮತ್ತೆ ಉಜ್ಜಿದಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಬಟ್ಟೆ ಸರಿಯಾಗಿ ಒಗೆಯದೇ ಎದ್ದು ಬಂದೆ. ಎರಡನೆಯ ಕಲ್ಲು ಕೈಯಲ್ಲೇ ಮನೆಯವರೆಗೂ ಬಂದಿತ್ತು.

ಅಕ್ಟೋಬರ್ ೫

ಆರ್ಲಿನ್‌ಳನ್ನು ನೋಡಿ ಅತ್ತೆ ತಾನೇ ತುಗಿನಾಯ್ ಅಜ್ಜನನ್ನು ಕರೆತಂದಳು. ನನ್ನನ್ನು ಕೇಳಲಿಲ್ಲ. ಹುಡುಗಿಯ ಕೈ ಕಡ್ಡಿಯಾಗಿದೆ, ಬೇಡ ಅನ್ನಲು ನನಗೂ ಬಾಯಿ ಬರಲಿಲ್ಲ.

ಅಜ್ಜ ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೂ ದೇವರನ್ನು ಕರೆದ. ಮೇಲಿನ ಲೋಕದವರು, ಕೆಳಗಿನ ಲೋಕದವರು, ಹೊಳೆ ಹುಟ್ಟುವ ಕಡೆಯವರು, ಹೊಳೆ ಮುಗಿಯುವ ಕಡೆಯವರು. ವಿಗನ್, ಬುಗಾನ್, ಗುಡುಗಿನ ಕಿದುಲ್, ಮರದಲ್ಲಿ ಬಂಡೆಯಲ್ಲಿ ಇರುವವರು, ನೆಗಡಿ ಕೊಡುವವರು, ಹೊಟ್ಟೆನೋವು ಕೊಡುವವರು, ಜಗಳ ಹಚ್ಚುವವರು. ಒಬ್ಬೊಬ್ಬರಿಗೂ ಹೆಸರು ಹೇಳಿ ಹೆಂಡ ತೋರಿಸಿದ. ಇಷ್ಟು ಜನ ದೇವರು! ಬಹಾತನ್‌ಗೆ ಕತ್ತಿಯೇಟು ಬಿದ್ದ ಬೆಳಿಗ್ಗೆ ಆ ಬದುವಿನ ಮೇಲೆ ಒಬ್ಬನೂ ಇರಲಿಲ್ಲ.

ಅಂದುಕೊಂಡದ್ದನ್ನು ಬಾಯಿಬಿಟ್ಟೇ ಹೇಳಿದೆ. ಅಜ್ಜ ಅರ್ಧದಲ್ಲಿ ನಿಲ್ಲಿಸಿ, "ಇದ್ದರೋ ಏನೋ, ಉಯಾಮಿ. ಇದ್ದು ಅವರ ಕೈಲೂ ಆಗಲಿಲ್ಲವೋ ಏನೋ. ನಡುವೆ ಬಾಯಿ ಹಾಕಬೇಡ, ಮೊದಲಿಂದ ಹೇಳಬೇಕಾಗುತ್ತೆ," ಅಂದು ನಿಜವಾಗಿಯೂ ಮೊದಲಿನಿಂದ ಶುರು ಮಾಡಿದ. ಅತ್ತೆ ನನ್ನನ್ನು ತಿನ್ನುವ ಹಾಗೆ ನೋಡಿದಳು.

ಕೋಳಿ ಕೊಯ್ದು ಪಿತ್ತಕೋಶ ನೋಡಿದ. ತುಂಬಿದ್ದರೆ ಒಳ್ಳೆಯದು. ಅದು ಬತ್ತಿ, ಮಾಂಸದೊಳಗೆ ಅಡಗಿಕೊಂಡಿತ್ತು.

"ಬಹಾತನ್ ನಿಮ್ಮ ಬಾಗಿಲಲ್ಲೇ ನಿಂತಿದ್ದಾನೆ. ಮಲಗಬೇಡ ಅಂತ ಹೇಳ್ತಾನೇ ಇದ್ದೀಯ, ಮಲಗಿಲ್ಲ. ಇಷ್ಟು ದಿನ ಆ ಕಡೆ ಮುಖ ಮಾಡಿ ನಿಂತಿದ್ದ. ಆ ಕಡೆ ಈಗ ಯಾರೂ ಇಲ್ಲ. ಸಿಟ್ಟು ಹಾಗೇ ಇದೆ, ಶತ್ರು ಇಲ್ಲ. ಎಲ್ಲಿಗೆ ಹೋಗ್ತಾನೆ ಹೇಳು? ತನ್ನ ಮನೆಗೆ ಬಂದಿದ್ದಾನೆ."

"ತನ್ನ ಮಗಳಿಗೆ ಅವನು ಹೀಗೆ ಮಾಡ್ತಾನಾ?" ಅಂತ ಕಿರುಚಿದೆ. "ಅಂಗಿ ಹರಿದರೂ ಹೊಸದು ತಗೊಳ್ದೆ ಅವಳಿಗೆ ಬೂಟು ತಂದವನು! ಅವನ ಹೆಸರು ಎತ್ತಬೇಡಿ! ನಡೀರಿ ಹೊರಗೆ! ಕೋಳೀನೂ ತಗೊಂಡು ಹೋಗಿ!"

ಕೋಳಿಯನ್ನು ಬಿಟ್ಟು ಹೋಗಿದ್ದಾರೆ. ಬೇಯಿಸಿ ಆರ್ಲಿನ್‌ಗೆ ಕೊಟ್ಟೆ. ಎರಡು ತುತ್ತು ತಿಂದಳು.

ಅಕ್ಟೋಬರ್ ೬

ಇವತ್ತು ಸಂಜೆ ಎಂದಿಗಿಂತ ಹೆಚ್ಚು ಹೊತ್ತು ಬೈದೆ. ನನ್ನ ಮಗಳನ್ನು ಮುಟ್ಟಿದರೆ ನಿನ್ನ ಎಲುಬು ಒಲೆಗೆ ಹಾಕುತ್ತೇನೆ ಅಂದೆ. ಇನ್ನು ಬರೆಯಲಾರೆ.

ಅಕ್ಟೋಬರ್ ೧೪

ಮೇಜಿನ ಬಟ್ಟೆ ಸ್ವಲ್ಪ ದೊಡ್ಡದಾಗುತ್ತಿದೆ. ದೊಡ್ಡ ಮೇಜುಗಳೂ ಇರುತ್ತವೆ.

ನೂಲು ಮೇಲಿಂದ ಮೇಲೆ ಹರಿಯುತ್ತಿದೆ. ಸಿಟ್ಟಿನಲ್ಲಿ ಕೂತರೆ ನೇಯ್ಗೆಯ ದೇವತೆ ಪುನ್‌ಹೊಲ್ದಯನ್ ಮಗ್ಗದ ಹತ್ತಿರ ಬರುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಬರದಿದ್ದರೆ ಬೇಡ. ನಾನೇನು ಎಲೆ ಅಡಿಕೆ ಕೊಟ್ಟು ಕರೆದಿಲ್ಲ. ಆದರೂ ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಂದಕ್ಕೆ ಒರಗಿದರೆ ಸ್ವಲ್ಪ ಹೊತ್ತು ತಲೆ ತಣ್ಣಗಿರುತ್ತದೆ. ಬೈಯಲು ಹೋದಾಗ ಕತ್ತಲಾಗಿಬಿಟ್ಟಿತ್ತು, ಬೇಗ ಮುಗಿಸಿದೆ.

ಅಕ್ಟೋಬರ್ ೨೮

ಬಿರುಗಾಳಿ. ಪುವೊಕ್ ದೇವರು ಮೂರು ದಿನದಿಂದ ಬೆಟ್ಟಗಳನ್ನು ಒದೆಯುತ್ತಿದ್ದಾನೆ. ಹಗಲೇ ಕತ್ತಲು. ಮೇಲಿನ ಗದ್ದೆಯ ಗೋಡೆ ಒಂದು ಕಡೆ ಕುಸಿದಿದೆ. ದಾರಿ ಮುಚ್ಚಿದೆ. ನರ್ಸ್ ಇಲ್ಲ, ಮಾತ್ರೆ ಇಲ್ಲ, ಅತ್ತೆಯೂ ಬರುವಂತಿಲ್ಲ.

ಆರ್ಲಿನ್ ಕಂಬಕ್ಕೆ ಒರಗಿ ಕೂತಿದ್ದಳು. ಇವತ್ತು ಅನ್ನದ ಗಂಜಿಯನ್ನೂ ಕಾರಿಕೊಂಡಳು. ತುಟಿ ಒಡೆದಿದೆ. ಕಣ್ಣು ತೆರೆದೇ ಇದೆ, ಆದರೆ ನನ್ನನ್ನು ನೋಡುತ್ತಿಲ್ಲ. ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟೇ ಬರುವುದು.

"ಮಲಗೇ! ಯಾಕೆ ಹೀಗೆ ಕೂತು ನನ್ನ ಪ್ರಾಣ ತಿಂತೀಯ? ಯಾರು ಬೇಡ ಅಂದಿದ್ದಾರೆ ನಿನ್ನ ಮಲಗೋಕೆ?"

"ನೀನೇ ಅಮ್ಮ," ಅಂದಳು.

"ನಾನ್ಯಾವಾಗ ಅಂದೆ?"

"ದಿನಾ ಸಂಜೆ ಹೇಳ್ತೀಯಲ್ಲ. ಮಲಗಬೇಡ, ಎದ್ದೇಳು, ನಾಚಿಕೆ ಇಲ್ವಾ ಅಂತ."

"ಅದು ನಿಮ್ಮಪ್ಪನಿಗೆ ಹೇಳೋದು!"

"ಗೊತ್ತು." ಒಡೆದ ತುಟಿ ನೆಕ್ಕಿಕೊಂಡಳು. "ಅಪ್ಪ ಮಲಗೋ ಹಾಗಿಲ್ಲ, ಅವನಿಗೆ ಹೊದಿಕೇನೂ ಇಲ್ಲ. ನಾನು ಮಾತ್ರ ಹೊದ್ದುಕೊಂಡು ಮಲಗಿದ್ರೆ ಅವನಿಗೆ ಬೇಜಾರಾಗಲ್ವಾ? ಬಲ್ಲೋಗನ್ ಸತ್ತ ಮೇಲೆ ನೀನು ನಿಲ್ಲಿಸ್ತೀಯ ಅಂದ್ಕೊಂಡಿದ್ದೆ. ನಿಲ್ಲಿಸಲಿಲ್ಲ. ಅದಕ್ಕೆ ನಾನೂ ಅಪ್ಪನ ಜೊತೆ ಎದ್ದಿರ್ತೀನಿ."

ಗಾಳಿ ಮಾಡಿನ ಹುಲ್ಲು ಕೀಳುತ್ತಿತ್ತು. ನಾನು ಪುವೊಕ್‌ಗೆ ಮಾತ್ರ ಬಾಯಿಗೆ ಬಂದಂತೆ ಬೈದೆ. ಅವನಿಗೆ ಬೈಗುಳ ತಾಕುವುದೇ ಇಲ್ಲ.

ಇವತ್ತು ಸಂಜೆ ಅಂಗಳಕ್ಕೆ ಹೋಗಲಿಲ್ಲ. ಮಳೆ.

ನವೆಂಬರ್ ೩

ಮಳೆ ನಿಂತಿದೆ. ಗಂಟಲು ಕಟ್ಟಿದೆ, ಹಾಗಾಗಿ ಬೈಯಲು ಹೋಗಲಿಲ್ಲ.

ಆರ್ಲಿನ್ ಗಂಜಿ ಕುಡಿದಳು, ಕಾರಲಿಲ್ಲ. ಇನ್ನೂ ಕಂಬದ ಹತ್ತಿರವೇ ಕೂರುತ್ತಾಳೆ. ನಾನೂ ಮಗ್ಗವನ್ನು ಆ ಕಂಬಕ್ಕೇ ಕಟ್ಟಿದ್ದೇನೆ, ಬೆಳಕು ಅಲ್ಲೇ ಚೆನ್ನಾಗಿರುವುದು. ಸಂಜೆ ಹೊತ್ತಿಗೆ ಅವಳು ಕಿವಿ ನಿಮಿರಿಸಿ ಬಾಗಿಲ ಕಡೆ ನೋಡುತ್ತಾಳೆ. ನಾನು ಏಳದಿದ್ದರೆ ಮತ್ತೆ ತಲೆ ಕಂಬಕ್ಕೆ ಒರಗಿಸುತ್ತಾಳೆ. ನೋಡಿಯೂ ನೋಡದವಳಂತೆ ನೇಯುತ್ತೇನೆ.

ನವೆಂಬರ್ ೧೫

ಗಂಟಲು ಇನ್ನೂ ಸರಿಯಾಗಿಲ್ಲ.

ದಾರಿ ಬಿಟ್ಟಿದ್ದೇ ತಡ ಅತ್ತೆ ಬಂದಳು. ಮೊದಲು ಮೊಮ್ಮಗಳ ಮುಖ ಹಿಡಿದು ನೋಡಿದಳು, ಆಮೇಲೆ ನನ್ನ ಮಗ್ಗ. ಬಿಳಿ ನೂಲು, ನಡುವೆ ಕಡುನೀಲಿ ಪಟ್ಟಿ, ಪಟ್ಟಿಯ ಮೇಲೆ ಸಣ್ಣ ಮನುಷ್ಯರು, ಹಲ್ಲಿಗಳು, ಅಂಚಿಗೆ ಕೆಂಪು. ಕೈಯಲ್ಲಿ ಅಳೆದಳು. ಒಂದು ಮಾರು, ಇನ್ನೊಂದು ಮಾರು.

"ಇದೇನೇ ಇದು?"

"ಪೇಟೆ ಅಂಗಡಿಗೆ. ಮೇಜಿಗೆ ಹಾಸೋ ಬಟ್ಟೆ."

"ಅಂಗಡಿಯವಳು ಸತ್ತಿದ್ದಾಳಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿ ತೆರೆದರೆ ಮಾತು ಬರಲಿಲ್ಲ. ಗಂಟಲು ಕೆಟ್ಟಿದೆ ಅಂತ ಬರೆದಿದ್ದೇನಲ್ಲ. ಅತ್ತೆ ಎದುರಿಗೆ ಕೂತು, ಸಿಕ್ಕುಗಟ್ಟಿದ ನೂಲಿನ ಉಂಡೆ ತೆಗೆದುಕೊಂಡು ಬಿಡಿಸತೊಡಗಿದಳು.

"ಪುಗೊಂಗ್ ಹಂದಿಗೆ ಮೇವು ಹಾಕಿ ಹಾಕಿ ಸಾಕಾಗಿದೆ ಅಂತಾನೆ," ಅಂದಳು, ನೂಲಿನಿಂದ ಕಣ್ಣೆತ್ತದೆ.

"ನಾನು ಒಪ್ಪಿಲ್ಲ."

"ನೀನು ಒಪ್ಪಿದ್ದೀಯ ಅಂತ ಯಾರು ಹೇಳಿದ್ರು? ಹಂದಿ ವಿಷಯ ಹೇಳಿದೆ."

"ಒಂದು ಮಾತು. ಅವನ ಎಲುಬು ನಾನೇ ತೊಳೀತೀನಿ. ಪುಗೊಂಗ್ ಕೈ ಹಾಕಿದ್ರೆ ಕೈ ಕಡೀತೀನಿ."

"ಕಡಿ," ಅಂದಳು ಅತ್ತೆ.

ಡಿಸೆಂಬರ್ ೨

ಗುಹೆಯ ಬಾಯಿಯ ಕಲ್ಲು ತೆಗೆದರು. ಕೂರಿಸಿದವನು ಕೂತಿರಲಿಲ್ಲ. ಯಾವಾಗಲೋ ಕುಸಿದು ಒಂದು ಮಗ್ಗುಲಿಗೆ ವಾಲಿ, ಕಾಲು ಮಡಚಿಕೊಂಡು ರಾಶಿಯಾಗಿದ್ದ. ಮಲಗಬೇಡ ಮಲಗಬೇಡ ಅಂತ ನಾನು ಮೇಲಿನಿಂದ ಕೂಗುತ್ತಿದ್ದಾಗ ಇವನು ಕೆಳಗೆ ಹೀಗೆ ಬಿದ್ದಿದ್ದ, ಮಲಗಲೂ ಆಗದೆ, ಕೂರಲೂ ಆಗದೆ.

ಎಷ್ಟು ಸಿಟ್ಟು ಬಂತು! ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ.

ಎಲುಬುಗಳನ್ನು ಬುಟ್ಟಿಯಲ್ಲಿ ಮೇಲೆ ತಂದರು. ಇಡೀ ಗಂಡಸು ಒಂದೇ ಬುಟ್ಟಿಯಲ್ಲಿ. ಅಂಗಳದಲ್ಲಿ ಕೂತು ಒಂದೊಂದಾಗಿ ಒರೆಸಿದೆ, ತೊಳೆದೆ. ಮದುವೆಯ ವರ್ಷ ಬಿದ್ದು ಮುರಿದಿದ್ದ ಎಡಗಾಲಿನ ಎಲುಬು, ಕೂಡಿಕೊಂಡ ಗುರುತು ಹಾಗೇ ಇತ್ತು. ಅವನ ಹಲ್ಲು, ಮುಂದಿನದು ಸ್ವಲ್ಪ ಓರೆ. ಕುತ್ತಿಗೆಯ ಹತ್ತಿರದ ಎಲುಬಿನ ಮೇಲೆ ಕತ್ತಿಯ ಕಚ್ಚು. ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೊಳೆದೆ. ಹೋಗುವಂಥದ್ದಲ್ಲ, ಗೊತ್ತು. ಆದರೂ ಉಜ್ಜಿದೆ, ನೀರು ಹಾಕಿದೆ, ಮತ್ತೆ ಉಜ್ಜಿದೆ. ಹೊಳೆಯಾಚೆಯ ಆ ಹೆಂಗಸಿನ ನೆನಪು ಯಾಕೆ ಬಂತೋ, ಬಂತು.

"ಸಾಕು ಬಿಡೇ," ಅಂದಳು ಅತ್ತೆ.

"ನಿಮಗೆ ಅವಸರ ಇದ್ರೆ ನೀವು ಹೋಗಿ," ಅಂದೆ. ಅವಳು ಹೋಗಲಿಲ್ಲ. ಮಗನ ಕಾಲಿನ ಎಲುಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಅತ್ತಳು. ಈಗ ಅಳಬಹುದು. ನನಗೂ ಅಳು ಬಂತು, ಆದರೆ ಬೈಯುತ್ತಲೇ ಅಳುತ್ತಿದ್ದೆ. ನೀರಿಗೆ ಯಾಕೆ ಒಬ್ಬನೇ ಹೋದೆ, ಕರೆದರೆ ನಾನು ಬರುತ್ತಿರಲಿಲ್ಲವಾ, ಒಂದು ಗದ್ದೆ ಒಣಗಿದ್ದರೆ ಏನಾಗುತ್ತಿತ್ತು, ಗೆಣಸು ತಿಂದು ಬದುಕುತ್ತಿರಲಿಲ್ಲವಾ ಅಂತ. ಮೂರು ವರ್ಷ ಬೈದರೂ ಈ ಮಾತುಗಳನ್ನು ಹೇಳಿರಲಿಲ್ಲ.

ಡಿಸೆಂಬರ್ ೪

ಮೂರು ದಿನ ಅವನು ಮನೆಯಲ್ಲೇ ಇದ್ದ, ಕಂಬದ ಹತ್ತಿರ, ನನ್ನ ಹೊದಿಕೆಯಲ್ಲಿ. ಊರೆಲ್ಲ ಬಂದು ಉಂಡು ಹೋಯಿತು. ಎಲೆ ಅಡಿಕೆ ಅವನ ಮುಂದೂ ಇಟ್ಟರು. ಆರ್ಲಿನ್ ಅಪ್ಪನ ಪಕ್ಕದಲ್ಲೇ ಕೂತಿದ್ದಳು, ಶಾಲೆಯ ಸುದ್ದಿಯೆಲ್ಲ ಹೇಳಿದಳು, ಆದರೆ ಕಣ್ಣು ಮುಚ್ಚಲಿಲ್ಲ. ಇಷ್ಟೆಲ್ಲ ಮಾಡಿಯೂ ಇವಳು ಮಲಗದಿದ್ದರೆ?

ಇವತ್ತು ಮಧ್ಯಾಹ್ನ ಒಯ್ಯುವ ಹೊತ್ತು. ತುಗಿನಾಯ್ ಅಜ್ಜ ಮೇಲಿನವರು ಕೆಳಗಿನವರು ಎಲ್ಲರನ್ನೂ ಮತ್ತೆ ಕರೆದ. ಈ ಸಲ ನಾನು ನಡುವೆ ಬಾಯಿ ಹಾಕಲಿಲ್ಲ. ಹಂದಿಯ ಪಿತ್ತಕೋಶ ತುಂಬಿಕೊಂಡಿತ್ತು, ಎಲ್ಲರಿಗೂ ಎತ್ತಿ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಎಲ್ಲ ಹೇಳಿದ್ದಾಯ್ತು, ಉಯಾಮಿ. ಆದ್ರೆ ಅವನು ನಮ್ಮ ಯಾರ ಮಾತೂ ಕೇಳಲ್ಲ. ಮೂರು ವರ್ಷದಿಂದ ನಿನ್ನ ಮಾತು ಮಾತ್ರ ಕೇಳಿ ಅಭ್ಯಾಸ ಅವನಿಗೆ. ನೀನೇ ಹೇಳಬೇಕು."

ಊರೆಲ್ಲ ನೋಡುತ್ತಿತ್ತು. ಪುಗೊಂಗ್ ಬಾಯಲ್ಲಿದ್ದ ಮಾಂಸ ಅಗಿಯುವುದನ್ನು ನಿಲ್ಲಿಸಿದ. ನಾನು ಹೊದಿಕೆಯ ಗಂಟಿನ ಮುಂದೆ ಕೂತೆ. ಅಂಚು ಸ್ವಲ್ಪ ಸರಿದಿತ್ತು, ಸರಿ ಮಾಡಿದೆ.

"ಮಲಗು," ಅಂದೆ.

ದನಿ ಹೊರಡಲಿಲ್ಲ. ಅಂಗಳದ ಇನ್ನೊಂದು ತುದಿಯಲ್ಲಿ ಆರ್ಲಿನ್ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು, ಅವಳಿಗೆ ಕೇಳಿಸಿರಲಾರದು. ಗಂಟಲು ಸರಿ ಮಾಡಿಕೊಂಡು, ದಿನಾ ಸಂಜೆ ಕೂಗುತ್ತಿದ್ದ ಅದೇ ದನಿಯಲ್ಲಿ, ಹೊಳೆಯಾಚೆಗೂ ಕೇಳುವ ಹಾಗೆ ಕೂಗಿದೆ.

"ಮಲಗೋ ಬಹಾತನ್! ಎಷ್ಟು ಸಲ ಹೇಳಬೇಕು ನಿಂಗೆ? ನಿನಗೋಸ್ಕರ ಬೆನ್ನು ಮುರಿದು ಹೊದಿಕೆ ನೇಯ್ದಿದ್ದೀನಿ. ಸುಮ್ಮನೆ ಹೊದ್ದುಕೊಂಡು ಮಲಗು! ಬಾಗಿಲಲ್ಲಿ ನಿಲ್ಲಬೇಡ. ನಿನ್ನ ಕೆಲಸ ಮುಗೀತು. ಉಳಿದದ್ದು ನಾನು ನೋಡ್ಕೋತೀನಿ. ಮಲಗು ಅಂದ್ರೆ ಮಲಗು!"

ಗಂಡಸರು ಗಂಟು ಎತ್ತಿಕೊಂಡು ಇಳಿಜಾರು ಇಳಿದರು. ಗುಹೆಯ ಕಲ್ಲು ಮುಚ್ಚುವವರೆಗೂ ನಾನು ಮೇಲೇ ನಿಂತಿದ್ದೆ. ತಿರುಗಿದಾಗ ಅತ್ತೆ ಬೆರಳು ತುಟಿಯ ಮೇಲಿಟ್ಟು ಸನ್ನೆ ಮಾಡುತ್ತಿದ್ದಳು.

ಆರ್ಲಿನ್ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಜೊಲ್ಲು ಅಜ್ಜಿಯ ಬಟ್ಟೆಯ ಮೇಲೆ ಇಳಿದಿತ್ತು. ಸುತ್ತ ಮಾಂಸ ಹಂಚುವ ಗಲಾಟೆ, ನಾಯಿಗಳ ಕಿತ್ತಾಟ, ನನಗೆ ತೊಡೆ ನಿನಗೆ ತಲೆ ಅಂತ ಪುಗೊಂಗ್‌ನ ಜಗಳ. ಅವಳು ಅಲುಗಾಡಲಿಲ್ಲ.

"ಸದ್ದು ಮಾಡಿದವರ ಕಾಲು ಮುರೀತೀನಿ," ಅಂದೆ ನಾನು, ಎಲ್ಲರಿಗೂ, ಪಿಸುಗುಟ್ಟುತ್ತ.